24ನೆಯ ಎಣಿಕೆ

ನಾನು ಮೈಸೂರಿನ ಕಾಲೇಜೊಂದರಲ್ಲಿ ಓದುತ್ತಿದ್ದಾಗ ಅಲ್ಲಿನ ಕನ್ನಡ ಸಂಘಕ್ಕೂ ನೃತ್ಯ ಸಂಘಕ್ಕೂ ಮಾತುಕತೆಯೇ ಇರಲಿಲ್ಲ. ಸಂಜೆ 4 ಗಂಟೆಯ ನಂತರ ಸಭಾಂಗಣ ಯಾರಿಗೆ ಸಿಗಬೇಕು ಎಂಬುದು ಮೇಲ್ನೋಟದ ಜಗಳ. ಅದರ ಕೆಳಗೆ ಬೇರೆ ನೋವಿತ್ತು. ಕೊಳ್ಳೇಗಾಲ, ಹನೂರು ಕಡೆಯಿಂದ ಬಂದಿದ್ದ ನಮ್ಮ ಕನ್ನಡ ಸಂಘದ ಹುಡುಗರಿಗೆ, ತಮ್ಮ ಕಂಸಾಳೆ ಕುಣಿತವನ್ನು ಆ ಸಂಘದವರು ನೃತ್ಯವೆಂದೇ ಒಪ್ಪುವುದಿಲ್ಲ ಎಂಬ ಕೊರಗಿತ್ತು. ಭರತನಾಟ್ಯವನ್ನೋ ಪಾಶ್ಚಾತ್ಯ ನೃತ್ಯವನ್ನೋ ಕಲಿತಿದ್ದ ಅವರಿಗೆ, ನಾವು ಭಾಷೆಯ ಹೆಸರಿನಲ್ಲಿ ತಮ್ಮನ್ನು ಹೊರಗಿಡುತ್ತಿದ್ದೇವೆ ಎಂಬ ಸಿಟ್ಟಿತ್ತು. ಎರಡರಲ್ಲೂ ನಿಜವಿತ್ತು.

ದಸರೆಗೆ ಮುನ್ನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ನಡೆಯುವ ಯುವ ಸಂಭ್ರಮಕ್ಕೆ ಎರಡೂ ಸಂಘಗಳು ಬೇರೆ ಬೇರೆ ಅರ್ಜಿ ಕೊಟ್ಟವು. ನಮ್ಮ ಕನ್ನಡ ಮೇಷ್ಟ್ರು ಎರಡನ್ನೂ ಹಿಂದಿರುಗಿಸಿ, ಮಲೆ ಮಹದೇಶ್ವರನ ಪದವೊಂದಕ್ಕೆ ಎಲ್ಲರೂ ಕೂಡಿ ಕುಣಿಯುವುದಾದರೆ ಮಾತ್ರ ಕಾಲೇಜಿನ ಹೆಸರು ಕಳುಹಿಸುತ್ತೇನೆ ಎಂದರು.

ಕಂಸಾಳೆ ಕಂಚಿನ ಜೋಡಿ ತಾಳ. ಎಡಗೈಯಲ್ಲಿ ಬಟ್ಟಲಿನಂಥದ್ದು, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆಯದು. ಬೀಸು ಕಂಸಾಳೆಯಲ್ಲಿ ಬಲಗೈಯ ತಾಳವನ್ನು ತಲೆಯ ಮೇಲಿಂದ, ಬೆನ್ನ ಹಿಂದಿನಿಂದ ಬೀಸಿ ತಂದು ಸರಿಯಾದ ಕ್ಷಣಕ್ಕೆ ಬಟ್ಟಲಿಗೆ ತಾಗಿಸಬೇಕು. ಮಹದೇಶ್ವರನ ದೀಕ್ಷೆ ಪಡೆದ ದೇವರಗುಡ್ಡರಿಗೆ ಇದು ಭಕ್ತಿಯ ಭಾಗ. ಕಲಿಸಲು ಬಂದ ಹಿರಿಯ ಗುಡ್ಡರು ಮೊದಲ ದಿನವೇ ಚಪ್ಪಲಿ ಬಿಡಿಸಿ, ಕಂಸಾಳೆಯನ್ನು ಕಣ್ಣಿಗೊತ್ತಿಕೊಂಡ ಮೇಲೆಯೇ ಹಿಡಿಯಬೇಕೆಂದರು. ಕುಣಿಯುವ ಮುನ್ನ ಭೂಮಿಗೆ ನಮಸ್ಕರಿಸುವ ಭರತನಾಟ್ಯದ ಹುಡುಗಿಯರಿಗೆ ಅದನ್ನು ಯಾರೂ ವಿವರಿಸಬೇಕಾಗಲಿಲ್ಲ.

ತೊಡಕು ಬಂದದ್ದು ಲೆಕ್ಕದಲ್ಲಿ. ನಾವು ಆರಿಸಿಕೊಂಡಿದ್ದ ಪದ ಮೂರರ ನಡೆಯದು. ಪಾಶ್ಚಾತ್ಯ ನೃತ್ಯದವರು ಎಂಟರವರೆಗೆ ಎಣಿಸಿ ಮತ್ತೆ ಒಂದಕ್ಕೆ ಬರುವವರು. ಭರತನಾಟ್ಯದವರ ಆದಿತಾಳದಲ್ಲಿ ಎಂಟು ಅಕ್ಷರ. ನಮ್ಮ ಹುಡುಗರು ಎಣಿಸುತ್ತಲೇ ಇರಲಿಲ್ಲ, ಕಂಚಿನ ಸದ್ದಿಗೆ ಕಾಲು ಹಾಕುತ್ತಿದ್ದರು. ಮೊದಲ ವಾರವಿಡೀ ಒಬ್ಬರು ತಿರುಗುವಾಗ ಇನ್ನೊಬ್ಬರು ಕೂರುತ್ತಿದ್ದರು, ತಪ್ಪು ಯಾರದೆಂದು ವಾದ ನಡೆಯುತ್ತಿತ್ತು. ಕೊನೆಗೆ ನೃತ್ಯ ಸಂಘದ ಹುಡುಗಿಯೊಬ್ಬಳು ಕರಿಹಲಗೆಯ ಮೇಲೆ ಮೂರರ ಸಾಲನ್ನೂ ಅದರ ಕೆಳಗೆ ಎಂಟರ ಸಾಲನ್ನೂ ಬರೆದು, ಎರಡೂ 24ರಲ್ಲಿ ಒಟ್ಟಿಗೆ ಮುಗಿಯುವುದನ್ನು ತೋರಿಸಿದಳು. ನಡುವೆ ಯಾರು ಹೇಗೆ ಕುಣಿದರೂ ಸರಿ, 24ನೆಯ ಎಣಿಕೆಗೆ ಎಲ್ಲರ ಕಂಸಾಳೆಯೂ ಒಂದೇ ಸದ್ದಾಗಬೇಕು ಎಂದು ಅಂದು ಒಪ್ಪಿಕೊಂಡೆವು. ಗುಡ್ಡರು ಹಲಗೆಯನ್ನು ನೋಡಿ, "ಎಣಿಸ್ಬ್ಯಾಡಿ ಕನವ್ವಾ, ಕೇಳುಸ್ಕಳಿ" ಎಂದರು. ನನಗೆ ಆ ಹುಡುಗಿಯ ಲೆಕ್ಕವೂ ಬೇಕಿತ್ತು, ಅವರ ಮಾತೂ ಬೇಕಿತ್ತು. ಲೆಕ್ಕದಿಂದ ಶುರುವಾದದ್ದು ಮೂರನೆಯ ವಾರದ ಹೊತ್ತಿಗೆ ಕಿವಿಗೆ ಇಳಿದಿತ್ತು.

ಎದುರುಬದುರು ನಿಂತವರು ಒಬ್ಬರ ಬಟ್ಟಲಿಗೆ ಇನ್ನೊಬ್ಬರು ತಾಳ ತಾಗಿಸುವ ಒಂದು ಹೆಜ್ಜೆಯೂ ಇತ್ತು. ಕಂಚು ಮುಖದ ಹತ್ತಿರವೇ ಸುಳಿದು ಹೋಗುವುದರಿಂದ ಅಲ್ಲಿ ಎದುರಿನವರ ಕೈಯನ್ನು ನಂಬದೆ ಗತಿಯಿಲ್ಲ. ಎರಡು ವರ್ಷ ನನ್ನೊಡನೆ ಮಾತು ಬಿಟ್ಟಿದ್ದ ನೃತ್ಯ ಸಂಘದ ಕಾರ್ಯದರ್ಶಿಯೇ ನನಗೆ ಜೋಡಿಯಾಗಿದ್ದ. ಒಂದು ಸಂಜೆ ನನ್ನ ಬೀಸು ತಪ್ಪಿ ಅವನ ಮೊಣಕೈ ಊದಿಕೊಂಡಿತು. ನಾನು ಕ್ಷಮೆ ಕೇಳುವ ಮೊದಲೇ ಅವನು, "ಇನ್ನೊಂದು ಸಲ ನಿಧಾನಕ್ಕೆ ಬೀಸು" ಎಂದು ಅದೇ ಕೈಯಲ್ಲಿ ಬಟ್ಟಲು ಹಿಡಿದು ನಿಂತ.

ರಂಗಮಂದಿರದಲ್ಲಿ ನಮ್ಮ ಸರದಿ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಅದರಲ್ಲಿ ನನಗೆ ಸ್ಪಷ್ಟವಾಗಿ ನೆನಪಿರುವುದು, ಕೊನೆಯ 24ಕ್ಕೆ ಎಲ್ಲ ಕಂಚು ಒಟ್ಟಿಗೆ ನುಡಿದು, ಆಮೇಲೆ ಉಸಿರಾಟ ಮಾತ್ರ ಕೇಳಿಸಿದ ಕ್ಷಣ.

ದಸರಾ ರಜೆ ಮುಗಿದ ಮೇಲೆ ಸಭಾಂಗಣದ ವೇಳಾಪಟ್ಟಿಯನ್ನು ನಾನೂ ಅವನೂ ಒಂದೇ ಮೇಜಿನಲ್ಲಿ ಕುಳಿತು ಬರೆದೆವು. ಸೋಮವಾರ, ಬುಧವಾರ ಅವರಿಗೆ. ಮಂಗಳವಾರ, ಗುರುವಾರ ನಮಗೆ. ಶುಕ್ರವಾರದ ಮುಂದೆ ಅವನು "ಕಂಸಾಳೆ" ಎಂದಷ್ಟೇ ಬರೆದ.