ಜೌಗು ಯಾರಿಗೆ ಏನು ಕೊಡುತ್ತಿದೆ ಎಂದು ವರದಿ ಹೇಳಬೇಕು

ಯೋಜನೆಗೆ ಅನುಮತಿ ಕೊಡುವ ಮೊದಲು ನಡೆಯುವ ಪರಿಸರ ಪರಿಣಾಮ ಮೌಲ್ಯಮಾಪನದ ವರದಿಯಲ್ಲಿ ನೀರಿಗೊಂದು ಅಧ್ಯಾಯ, ಜೀವಿಗಳಿಗೊಂದು, ಜನಜೀವನಕ್ಕೊಂದು. ಒಬ್ಬ ತಜ್ಞರು ಬರೆದದ್ದನ್ನು ಇನ್ನೊಬ್ಬರು ಓದುವುದೇ ಅಪರೂಪ. ಜೌಗಿನ ಮೇಲೆ ರಸ್ತೆ ಬರುತ್ತದೆ ಎನ್ನಿ. ಒಬ್ಬರು ನೀರು ಪರೀಕ್ಷಿಸುತ್ತಾರೆ, ಒಬ್ಬರು ಹಕ್ಕಿ ಎಣಿಸುತ್ತಾರೆ, ಮತ್ತೊಬ್ಬರು ಮನೆ ಎಣಿಸುತ್ತಾರೆ. ಆ ಜೌಗು ನೆರೆನೀರನ್ನು ಹಿಡಿದಿಟ್ಟು ಕೆಳಗಿನ ಹೊಲಗಳನ್ನು ಕಾಯುತ್ತಿದೆ ಎಂಬ ಮಾತು ಮಾತ್ರ ಎಲ್ಲೂ ಬರುವುದಿಲ್ಲ. ಪರಿಸರ ವ್ಯವಸ್ಥೆಯ ಸೇವೆಗಳನ್ನು, ಅಂದರೆ ನಿಸರ್ಗದಿಂದ ಜನರಿಗೆ ಸಿಗುವ ಇಂಥ ಲಾಭಗಳನ್ನು, ಪರಿಗಣಿಸುವುದೆಂದರೆ ಈ ಕೊಂಡಿಯನ್ನು ಬರೆಯುವುದು.

ಇದು ಸ್ಕೋಪಿಂಗ್ ಹಂತದಲ್ಲೇ, ಅಂದರೆ ಏನೇನನ್ನು ಅಧ್ಯಯನ ಮಾಡಬೇಕು ಎಂದು ಮೊದಲು ಗೊತ್ತುಮಾಡುವಾಗಲೇ, ಶುರುವಾಗಬೇಕು. ಒಂದು ಕೋಷ್ಟಕ ಸಾಕು. ಕಾಡು, ಹುಲ್ಲುಗಾವಲು, ಜೌಗು, ಹೊಳೆ ಒಂದೊಂದರ ಎದುರೂ ಅದು ಕೊಡುವ ಸೇವೆ, ಬಳಸುವವರು, ಬಳಸುವ ಜಾಗ, ಬಳಸುವ ತಿಂಗಳು, ಬದಲಿ ಉಂಟೇ ಎಂಬುದನ್ನು ಬರೆಯಿರಿ. ಬದಲಿ ಇಲ್ಲದ ಸೇವೆಗಳೇ ಆದ್ಯತೆಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರಬೇಕು. ಖಾಸಗಿ ಯೋಜನೆಗಳಿಗೆ ಹಣ ಒದಗಿಸುವ ವಿಶ್ವಬ್ಯಾಂಕ್ ಗುಂಪಿನ ಸಂಸ್ಥೆಯಾದ ಅಂತರರಾಷ್ಟ್ರೀಯ ಹಣಕಾಸು ನಿಗಮದ (IFC) 2012ರ ಆರನೇ ಮಾನದಂಡ ಆದ್ಯತೆಯ ಸೇವೆಗಳನ್ನು ಎರಡು ಬಗೆಯಾಗಿ ನೋಡುತ್ತದೆ: ಯೋಜನೆಯಿಂದ ಕೆಟ್ಟು ಜನರಿಗೆ ತೊಂದರೆಯಾಗುವಂಥವು, ಯೋಜನೆಯೇ ನೇರವಾಗಿ ನೆಚ್ಚಿಕೊಂಡಿರುವಂಥವು. ಎರಡನೆಯದನ್ನು ಬಹಳ ವರದಿಗಳು ಮರೆಯುತ್ತವೆ. ಮೇಲಿನ ಕಾಡು ಬೋಳಾದರೆ ಅಣೆಕಟ್ಟಿನಲ್ಲಿ ಹೂಳು ತುಂಬುತ್ತದೆ. ಅದು ಹಣ ಹಾಕಿದವರ ನಷ್ಟವೂ ಹೌದು.

ಅಧ್ಯಯನದ ಗಡಿಯನ್ನು ಯೋಜನಾ ಸ್ಥಳದ ಸುತ್ತ ವೃತ್ತ ಎಳೆದು ನಿರ್ಧರಿಸಬೇಡಿ. ನೀರು ಹರಿಯುವ ದಾರಿ ಹಿಡಿದು ಕೆಳಗೆ ಹೋಗಿ. ಸಮೀಕ್ಷೆ ಬೇಸಿಗೆಯಲ್ಲಷ್ಟೇ ನಡೆದರೆ ಮಳೆಗಾಲದಲ್ಲಿ ಮೊಟ್ಟೆಯಿಡಲು ಜೌಗಿಗೆ ಏರಿ ಬರುವ ಮೀನು ಲೆಕ್ಕಕ್ಕೇ ಸಿಗುವುದಿಲ್ಲ. ವರ್ಷಕ್ಕೆ ಎರಡು ತಿಂಗಳು ಮಂದೆ ತಂದು ಬೀಡುಬಿಡುವ ಕುರಿಗಾಹಿಗಳೂ ಮನೆಮನೆ ಸಮೀಕ್ಷೆಯಲ್ಲಿ ಬರುವುದಿಲ್ಲ, ಅಲ್ಲಿ ಅವರಿಗೆ ಮನೆಯೇ ಇಲ್ಲವಲ್ಲ.

ಈ ಸೇವೆಗಳಿಗೆ ಬೆಲೆ ಕಟ್ಟುವಾಗ ಮಣ್ಣಿನ ಫಲವತ್ತತೆಗೊಂದು ಮೊತ್ತ, ಆ ಮಣ್ಣಿನ ಬೆಳೆಗೊಂದು ಮೊತ್ತ ಹಾಕಿದರೆ ಒಂದೇ ಲಾಭ ಎರಡು ಸಲ ಸೇರುತ್ತದೆ. ಜನರಿಗೆ ಕೊನೆಗೆ ತಲುಪುವ ಲಾಭವನ್ನಷ್ಟೇ ಕೂಡಿಸಿ. ದೇವರ ಬನಕ್ಕೆ ದುಡ್ಡಿನ ಲೆಕ್ಕ ಬೇಡವೇ ಬೇಡ.

ಅತಿ ದೊಡ್ಡ ತಪ್ಪಾಗುವುದು ನಷ್ಟ ತುಂಬಿಕೊಡುವುದರಲ್ಲಿ. 40 ಹೆಕ್ಟೇರ್ ಜೌಗು ಮುಚ್ಚಿ ಬೇರೆ ಜಲಾನಯನದಲ್ಲಿ 40 ಹೆಕ್ಟೇರ್ ಹೊಸದಾಗಿ ಮಾಡಿದರೆ ಹಕ್ಕಿಗಳಿಗೆ ನೆಲೆ ಸಿಗಬಹುದು, ಆದರೆ ಕೆಳಗಿನ ಹೊಲಗಳಿಗೆ ನೆರೆ ತಪ್ಪುವುದಿಲ್ಲ. ಅದಕ್ಕೇ ಮೊದಲು ರಸ್ತೆಯ ದಾರಿ ಬದಲಿಸಿ ನೋಡಬೇಕು; ಆಗದಿದ್ದರೆ ರಸ್ತೆಯ ಏರಿಯಡಿ ಸಾಕಷ್ಟು ಮೋರಿ ಕೊಟ್ಟು ಹರಿವು ಉಳಿಸಬೇಕು. ಆಮೇಲಿನ ನಿಗಾ ವರದಿಯಲ್ಲಿ ಎಷ್ಟು ಸಸಿ ನೆಟ್ಟಿದ್ದಾರೆ ಎಂಬುದರ ಜೊತೆಗೆ ಹೊಲದಲ್ಲಿ ನೀರು ಎಷ್ಟು ದಿನ ನಿಂತಿತು, ಬಲೆಗೆ ಎಷ್ಟು ಮೀನು ಬಿತ್ತು ಎಂಬ ಅಂಕಿ ಪ್ರತಿ ಮಳೆಗಾಲವೂ ಬರಬೇಕು. ಅಂಕಿ ಎಷ್ಟು ಕುಸಿದರೆ ಯಾರು ಏನು ಸರಿಪಡಿಸಬೇಕು ಎಂಬುದನ್ನು ಅನುಮತಿಯ ಷರತ್ತಿನಲ್ಲೇ ಬರೆಸಿ.