ಎಕೋ ತೆಗೆಯಿರಿ ಅಣ್ಣಾ

ನಾಲ್ಕು ವರ್ಷಗಳಿಂದ ಊರೂರು ತಿರುಗಿ ರ‍್ಯಾಪ್ ಹಾಡುತ್ತಿರುವ ನಾನು ವೇದಿಕೆಯ ಮೇಲೆ ಅತಿ ಹೆಚ್ಚು ಸಲ ಆಡಿರುವ ಮಾತು ‘ಎಕೋ ತೆಗೆಯಿರಿ ಅಣ್ಣಾ’ ಎಂಬುದೇ ಇರಬೇಕು. ಸಣ್ಣ ಊರುಗಳಲ್ಲಿ ಕಾರ್ಯಕ್ರಮಕ್ಕೆ ಶಾಮಿಯಾನ ಹಾಕುವವರೇ ಸೌಂಡ್ ಸಿಸ್ಟಂ ಕೂಡ ತರುತ್ತಾರೆ. ಅವರ ಮಿಕ್ಸರ್ ಆರ್ಕೆಸ್ಟ್ರಾ, ಭಜನೆ ಮತ್ತು ಭಾವಗೀತೆಗಳಿಗೆ ಹೊಂದಿಕೊಂಡು ಕುಳಿತಿರುತ್ತದೆ. ಎಕೋ ಗುಂಡಿ ಅರ್ಧಕ್ಕಿಂತ ಕೆಳಗೆ ಇಳಿದದ್ದನ್ನು ನಾನು ಕಂಡದ್ದು ಕಡಿಮೆ. ಸ್ವರವನ್ನು ಎಳೆದು ಹಾಡುವವರಿಗೆ ಅದು ಇಂಪು ಕೊಡುತ್ತದೆ. ನಮಗೆ ಅದು ಮರಣಶಾಸನ. ಕನ್ನಡದ ಕಸುವಿರುವುದೇ ಒತ್ತಕ್ಷರದಲ್ಲಿ, ಮತ್ತು ಎಕೋ ಮೊದಲು ನುಂಗುವುದು ಆ ಒತ್ತನ್ನೇ. ‘ಹಳ್ಳ ದಾಟಿ, ಕಲ್ಲು ಮೆಟ್ಟಿ, ಗುಡ್ಡ ಹತ್ತಿ ಬಂದೆವು’ ಎಂದು ಶುರುವಾಗುವ ನಮ್ಮ ಹಾಡನ್ನು ಒಮ್ಮೆ ಕಾಲೇಜಿನ ಹುಡುಗನೊಬ್ಬ ಮೊಬೈಲಿನಲ್ಲಿ ಹಿಡಿದು ಕಳುಹಿಸಿದ್ದ. ಅದರಲ್ಲಿ ನಾನು ಯಾರದೋ ಕಾಲು ಮೆಟ್ಟಿ ಗುಡ್ಡೆಯೊಂದನ್ನು ಹೊತ್ತುಕೊಂಡು ಬಂದಂತೆ ಕೇಳಿಸುತ್ತಿತ್ತು.

ನಾವು ಇಬ್ಬರು. ನಾನು ಬರೆಯುತ್ತೇನೆ ಮತ್ತು ಮುಖ್ಯವಾಗಿ ಹಾಡುತ್ತೇನೆ. ನನ್ನ ಜೊತೆಗಾರ ಬೀಟ್ ಕಟ್ಟುತ್ತಾನೆ, ವೇದಿಕೆಯಲ್ಲಿ ಎರಡನೆಯ ಕಂಠವಾಗುತ್ತಾನೆ. ಮ್ಯಾನೇಜರ್, ಡ್ರೈವರ್, ಡ್ಯಾನ್ಸರ್ ಯಾರೂ ಇಲ್ಲ. ಒಂದು ಬ್ಯಾಗಿನಲ್ಲಿ ಲ್ಯಾಪ್‌ಟಾಪ್, ಆಡಿಯೊ ಇಂಟರ್‌ಫೇಸ್, ನಮ್ಮದೇ ಎರಡು ಮೈಕ್‌ಗಳು, ಲ್ಯಾಪ್‌ಟಾಪ್ ಕೈಕೊಟ್ಟರೆ ಇರಲಿ ಎಂದು ಟ್ರ್ಯಾಕ್‌ಗಳನ್ನು ತುಂಬಿದ ಪೆನ್‌ಡ್ರೈವ್, ಮತ್ತು ಸೆಲ್ಲೋ ಟೇಪು. ಲ್ಯಾಪ್‌ಟಾಪನ್ನು ಚಾರ್ಜರ್‌ನಿಂದ ಕಿತ್ತು ಬ್ಯಾಟರಿಯಲ್ಲೇ ನಡೆಸಬೇಕೆಂಬುದನ್ನು ಎರಡನೆಯ ಕಾರ್ಯಕ್ರಮದಲ್ಲೇ ಕಲಿತೆವು. ಅರ್ಥಿಂಗ್ ಸರಿಯಿಲ್ಲದ ಸಭಾಂಗಣದಲ್ಲಿ ಚಾರ್ಜರ್ ಚುಚ್ಚಿದರೆ ಸ್ಪೀಕರಿನಿಂದ ಬರುವ 50 ಹರ್ಟ್ಸ್‌ನ ಗುಂಯ್ ಸದ್ದು ನಮ್ಮ ಬೇಸ್‌ಗಿಂತ ಗಟ್ಟಿಯಾಗಿ ಕೇಳಿಸುತ್ತದೆ.

ಪ್ರಯಾಣದ ಖರ್ಚಿನಲ್ಲಿ ನಮ್ಮಿಬ್ಬರ ನಡುವೆ ಸರ್ಕಾರವೇ ಒಂದು ಗೆರೆ ಎಳೆದಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸಾಮಾನ್ಯ ಬಸ್ಸುಗಳಲ್ಲಿ ನನಗೆ ಶೂನ್ಯ ದರದ ಟಿಕೆಟ್, ಅವನಿಗೆ ಪೂರ್ತಿ ದರದ ಟಿಕೆಟ್. ರಾಜಹಂಸ, ಸ್ಲೀಪರ್‌ಗಳಿಗೆ ಆ ಯೋಜನೆ ಅನ್ವಯಿಸದ ಕಾರಣ ಬೆಂಗಳೂರಿನಿಂದ 400 ಕಿಲೋಮೀಟರಿಗೂ ದೂರದ ಹುಬ್ಬಳ್ಳಿಗೆ ಕೆಂಪು ಬಸ್ಸಿನಲ್ಲಿ ಕುಳಿತೇ ಹೋಗುತ್ತೇವೆ, ತುಮಕೂರು, ಚಿತ್ರದುರ್ಗ, ದಾವಣಗೆರೆ ಎಂದು ಒಂದೊಂದೇ ನಿಲ್ದಾಣವನ್ನು ಎಣಿಸುತ್ತಾ. ಹಾಗೆ ಉಳಿದ ಹಣದಲ್ಲಿ ವಾಪಸು ಬರುವಾಗ ರಾಣಿ ಚೆನ್ನಮ್ಮ ರೈಲಿನಲ್ಲಿ ಮಲಗಿಕೊಂಡು ಬರಬಹುದು. ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಿದ್ದು ಜಗತ್ತಿನಲ್ಲೇ ಅತಿ ಉದ್ದದ್ದೆಂದು ಪತ್ರಿಕೆಗಳು ಹೆಮ್ಮೆಯಿಂದ ಬರೆದಿದ್ದವು. ಕಾರ್ಯಕ್ರಮ ಮುಗಿಸಿ, ಬ್ಯಾಗು ಹೊತ್ತು, ನಮ್ಮ ಬೋಗಿ ಆ ತುದಿಯಲ್ಲಿದೆ ಎಂದು ತಿಳಿದ ಗಳಿಗೆಯಲ್ಲಿ ಆ ಹೆಮ್ಮೆಯಲ್ಲಿ ಪಾಲು ಪಡೆಯುವುದು ಕಷ್ಟ.

ಸ್ಟುಡಿಯೊದಲ್ಲಿ ಮಾಡಿದ ಹಾಡು ಊರಿಂದ ಊರಿಗೆ ಹೋದಂತೆ ಬೇರೆಯದೇ ಹಾಡಾಗಿಬಿಡುತ್ತದೆ. ಅದು ಹೇಗೆಂದು ಬರೆದಿಡುವುದಕ್ಕಾಗಿಯೇ ಇಂದು ಕುಳಿತಿದ್ದೇನೆ. ‘ಹಳ್ಳ ದಾಟಿ’ ಹಾಡನ್ನೇ ತೆಗೆದುಕೊಳ್ಳೋಣ. ಅದರ ಮೊದಲ ಚರಣ, ನಾಲ್ಕು ಬೀಟ್‌ಗಳಿಗೆ ಒಂದು ಬಾರ್ ಎಂಬ ಲೆಕ್ಕದಲ್ಲಿ, ಹದಿನಾರು ಬಾರ್‌ನದು. ನಿಮಿಷಕ್ಕೆ 90 ಬೀಟ್‌ಗಳ ವೇಗದಲ್ಲಿ ಅದು ಸುಮಾರು 43 ಸೆಕೆಂಡುಗಳಲ್ಲಿ ಮುಗಿಯಬೇಕು. ಮನೆಯ ಕೋಣೆಯಲ್ಲಿ, ಬಟ್ಟೆಯ ಬೀರುವಿಗೆ ಮುಖ ಹಾಕಿ ರೆಕಾರ್ಡ್ ಮಾಡುವಾಗ ಅದನ್ನು ನಾಲ್ಕು ತುಂಡುಗಳಾಗಿ ಹಾಡಿ ಜೋಡಿಸಿದ್ದೆವು. ಒಂದು ಸಾಲಿನ ಕೊನೆಯ ಅಕ್ಷರದ ಮೇಲೆ ಮುಂದಿನ ಸಾಲಿನ ಮೊದಲ ಅಕ್ಷರ ಹತ್ತಿ ಕುಳಿತಿತ್ತು. ಕೇಳಲು ಬಹಳ ಬಿರುಸಾಗಿತ್ತು. ದಾವಣಗೆರೆಯ ಕಡೆಯ ಕಾಲೇಜೊಂದರ ಬಯಲು ವೇದಿಕೆಯಲ್ಲಿ ಅದನ್ನು ಮೊದಲ ಸಲ ಒಂದೇ ಉಸಿರಿಗೆ ಹಾಡಲು ಹೋದಾಗ, ಒಂಬತ್ತನೆಯ ಬಾರ್‌ನಲ್ಲಿ ನನ್ನ ಉಸಿರು ನಿಂತಿತು, ಬೀಟ್ ನಿಲ್ಲಲಿಲ್ಲ. ಮುಂದಿನ ಸಾಲುಗಳನ್ನು ನಾನು ಹಾಡಿದೆನೋ ಕೆಮ್ಮಿದೆನೋ ಎಂಬುದು ಮುಂದಿನ ಸಾಲಿನಲ್ಲಿದ್ದ ಉಪನ್ಯಾಸಕರಿಗೆ ಗೊತ್ತು.

ಅದೇ ವರ್ಷ ಗದಗದ ಕಡೆಯ ಒಂದು ಜಾತ್ರೆಯಲ್ಲಿ, ನಮ್ಮ ಸರದಿಗೆ ಕಾಯುತ್ತಾ, ಗೀಗೀ ಪದದ ಮೇಳವೊಂದನ್ನು ಎರಡು ಗಂಟೆ ಕೇಳುವ ಅವಕಾಶ ಸಿಕ್ಕಿತು. ಹರದೇಶಿ–ನಾಗೇಶಿ ವಾದವದು: ಒಂದು ಮೇಳ ಗಂಡು ಹೆಚ್ಚೆಂದು ಹಾಡುತ್ತದೆ, ಇನ್ನೊಂದು ಹೆಣ್ಣು ಹೆಚ್ಚೆಂದು ಉತ್ತರ ಕೊಡುತ್ತದೆ. ಇದನ್ನು ನೋಡಿದ ರ‍್ಯಾಪರ್‌ಗಳು ‘ನಮ್ಮ ನೆಲದಲ್ಲೇ ರ‍್ಯಾಪ್ ಬ್ಯಾಟಲ್ ಇತ್ತು’ ಎಂದು ಭಾಷಣ ಮಾಡುವುದು ಈಗ ರೂಢಿಯಾಗಿದೆ. ನನಗೆ ಆ ಮಾತಿನಲ್ಲಿ ಸಂಕೋಚವಿದೆ. ರಾತ್ರಿಯೆಲ್ಲ ನಿಂತು ಹಾಡುವವರ ಪಕ್ಕದಲ್ಲಿ ಪೆನ್‌ಡ್ರೈವ್ ಹಿಡಿದು ಇಪ್ಪತ್ತೈದು ನಿಮಿಷಕ್ಕೆ ಬಂದವಳು ವಾರಸುದಾರಿಕೆ ಕೇಳಬಾರದು. ನಾನು ಅಲ್ಲಿ ಕದ್ದದ್ದು ಒಂದು ಕಸುಬಿನ ಗುಟ್ಟನ್ನು. ದಪ್ಪು ಬಾರಿಸುವ ಮುಖ್ಯ ಗಾಯಕಿ ಸಾಲು ಮುಗಿಸುವಷ್ಟರಲ್ಲಿ ತುಂತುಣಿ, ತಾಳ ಹಿಡಿದ ಹಿಮ್ಮೇಳದವರು ಆ ಸಾಲಿನ ಬಾಲವನ್ನು ಹಿಡಿದು ‘ಗೀಯ ಗೀ’ ಎಂದು ಎಳೆಯುತ್ತಿದ್ದರು. ಅಷ್ಟರಲ್ಲಿ ಆಕೆ ಹೊಟ್ಟೆ ತುಂಬ ಉಸಿರು ಎಳೆದುಕೊಳ್ಳುತ್ತಿದ್ದಳು. ಕೇಳುವವರಿಗೆ ಅದು ಪಲ್ಲವಿ, ಹಾಡುವವಳಿಗೆ ಅದು ಉಸಿರು.

ಹಿಂದಿರುಗುವ ಬಸ್ಸಿನಲ್ಲೇ ಚರಣವನ್ನು ಬಿಚ್ಚಿ ಕಟ್ಟಿದೆವು. ಪ್ರತಿ ಎರಡನೆಯ ಬಾರ್‌ನ ಕೊನೆಯ ಪದವನ್ನು ಜೊತೆಗಾರನಿಗೆ ಬಿಟ್ಟುಕೊಟ್ಟೆ. ಮೊದಮೊದಲು ಅವನು ಅದನ್ನು ಒಲ್ಲದ ಮನಸ್ಸಿನಿಂದ, ಹಾಜರಿ ಹೇಳುವ ಹುಡುಗನಂತೆ ಹೇಳುತ್ತಿದ್ದ. ಮೂರು ಕಾರ್ಯಕ್ರಮಗಳ ನಂತರ ಜನರೇ ಆ ಪದವನ್ನು ಅವನಿಗಿಂತ ಮುಂಚೆ ಕೂಗಲಾರಂಭಿಸಿದರು.

ಅಷ್ಟರಲ್ಲಿ ಇನ್ನೊಂದು ತೊಡಕು ಕಾಣಿಸಿತು. ಕನ್ನಡದಲ್ಲಿ ಸಾಲಿನ ಕೊನೆಗೆ ಪ್ರಾಸ ಹೊಂದಿಸುವುದು ಅತಿ ಸುಲಭ: ಕ್ರಿಯಾಪದ ಕೊನೆಗೆ ಬರುವ ಭಾಷೆಯಾದ್ದರಿಂದ ‘ಬರುತ್ತೇನೆ’, ‘ತರುತ್ತೇನೆ’, ‘ಇರುತ್ತೇನೆ’ ಎಂದು ಪ್ರತ್ಯಯಗಳೇ ಪ್ರಾಸವಾಗಿ ಬಿಡುತ್ತವೆ, ಬರೆಯುವವನಿಗೆ ಬೆವರೇ ಇಲ್ಲ. ಹೊಸಬರ ಹಾಡುಗಳಲ್ಲಿ ಅರ್ಧದಷ್ಟು ಹೀಗೇ ಇರುತ್ತವೆ, ನನ್ನ ಮೊದಲ ವರ್ಷದವೂ ಹಾಗೇ ಇದ್ದವು. ಆದರೆ ಬಯಲಿನಲ್ಲಿ ಸಾಲಿನ ಕೊನೆ ಎಂಬುದೇ ಕೇಳಿಸುವುದಿಲ್ಲ. ಅಲ್ಲಿಗೆ ಬರುವಷ್ಟರಲ್ಲಿ ನನ್ನ ಉಸಿರು ಮುಗಿದಿರುತ್ತದೆ, ಸೌಂಡಿನವರ ಎಕೋ ತುಂಬಿಕೊಂಡಿರುತ್ತದೆ, ಜನ ಶಿಳ್ಳೆ ಹೊಡೆಯುತ್ತಿರುತ್ತಾರೆ. ನಿಚ್ಚಳವಾಗಿ ಕೇಳಿಸುವುದು ಸಾಲಿನ ತಲೆ, ಅಂದರೆ ಒಂದು ಕ್ಷಣದ ಮೌನದ ನಂತರ ಮೊದಲ ಬೀಟ್ ಮೇಲೆ ಬೀಳುವ ಪದ. ಹೈಸ್ಕೂಲಿನಲ್ಲಿ ಅಂಕಕ್ಕಾಗಿ ಉರುಹೊಡೆದ ಆದಿಪ್ರಾಸ ಆಗ ನೆನಪಾಯಿತು: ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಇರಬೇಕೆಂಬ ಹಳಗನ್ನಡದ ಕಟ್ಟಳೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಆ ಕಟ್ಟಳೆಯನ್ನು ಬಿಟ್ಟು ಬರೆದಾಗ ದೊಡ್ಡ ಚರ್ಚೆಯೇ ನಡೆದಿತ್ತೆಂದು ಮೇಷ್ಟರು ಹೇಳಿದ್ದರು. ಕಾಗದದ ಮೇಲೆ ಬರೆಯುವವರಿಗೆ ಅದು ಸಂಕೋಲೆಯಾಗಿದ್ದಿರಬಹುದು. ಕೆಟ್ಟ ಸ್ಪೀಕರಿನ ಮುಂದೆ ನಿಂತವಳಿಗೆ ಅದಕ್ಕಿಂತ ಉಪಕಾರಿಯಾದದ್ದು ಬೇರೊಂದಿಲ್ಲ. ‘ಹಳ್ಳ’ ಎಂದು ತಲೆಯಲ್ಲಿ ಬಂದರೆ ಮುಂದಿನ ಸಾಲುಗಳ ತಲೆಯಲ್ಲೂ ‘ಳ್ಳ’ ಬರಬೇಕೆಂದು ತೀರ್ಮಾನಿಸಿದೆ. ಆದರೆ ಆ ಸಾಲುಗಳು ಹಲವು ತಿಂಗಳು ಹೊಳೆಯಲೇ ಇಲ್ಲ.

ಹೊಳೆದದ್ದು ಒಂದು ಬಸ್ ನಿಲ್ದಾಣದಲ್ಲಿ. ಊರಿನ ಹೆಸರು ಬೇಡ. ಸಂಘಟಕರು ಲಾಡ್ಜ್‌ನಲ್ಲಿ ಎರಡು ಕೋಣೆ ಹೇಳಿದ್ದೇವೆಂದಿದ್ದರು. ಹೋದಾಗ ಇದ್ದದ್ದು ಒಂದೇ. ನಾವೇ ಹಣ ಕೊಟ್ಟು ಇನ್ನೊಂದು ತೆಗೆದುಕೊಳ್ಳುತ್ತೇವೆ ಎಂದರೂ ಕೌಂಟರಿನವರು ಇಬ್ಬರ ಆಧಾರ್ ಕಾರ್ಡುಗಳನ್ನು ತಿರುಗಿಸಿ ಮುರುಗಿಸಿ ನೋಡಿ, ‘ಏನಾಗಬೇಕು ಇವರು ನಿಮಗೆ?’ ಎಂದು ಕೇಳಿದರು. ಕೇಳಿದ್ದು ನನ್ನನ್ನಲ್ಲ, ಅವನನ್ನು. ಜೊತೆಗೆ ಹಾಡುತ್ತೇವೆ ಎಂಬ ಉತ್ತರ ಅವರ ರಿಜಿಸ್ಟರಿನ ಯಾವ ಕಾಲಮಿಗೂ ಹೊಂದಲಿಲ್ಲ. ನಾನು ಬೆಳಗಿನವರೆಗೆ ನಿಲ್ದಾಣದ ಮಹಿಳೆಯರ ವಿಶ್ರಾಂತಿ ಕೊಠಡಿಯಲ್ಲಿ, ತರಕಾರಿ ಮೂಟೆಯೊಂದಿಗೆ ಬಂದಿದ್ದ ಒಬ್ಬ ಅಜ್ಜಿಯ ಪಕ್ಕ ಕುಳಿತೆ. ಅವನು ಹೊರಗೆ ಬ್ಯಾಗಿನ ಮೇಲೆ ತಲೆ ಇಟ್ಟುಕೊಂಡಿದ್ದ. ‘ನಿದ್ದೆ ಮಾಡವ್ವಾ, ಬಸ್ಸು ಬಂದರೆ ಎಬ್ಬಿಸ್ತೀನಿ’ ಎಂದ ಅಜ್ಜಿ ನನಗಿಂತ ಮೊದಲು ಗೊರಕೆ ಹೊಡೆದರು. ಆ ರಾತ್ರಿ ಬರೆದದ್ದು ಇಷ್ಟು:

ಹಳ್ಳ ದಾಟಿ ಬಂದೆವು
ಕಳ್ಳರಲ್ಲ ಕೇಳಿರಿ
ಸುಳ್ಳು ಹೇಳಿ ತಿನ್ನುವ
ಮುಳ್ಳು ಮಾತು ನಮ್ಮದಲ್ಲ

ಮೂರು ಮೂರು ಮಾತ್ರೆಯ ಗಣಗಳು. ನಾಲ್ಕರ ಎಣಿಕೆಯ ಬೀಟ್ ಮೇಲೆ ಅವು ಜಾರುತ್ತಾ ಹೋಗುವುದನ್ನು ನಮ್ಮವರು ಟ್ರಿಪ್ಲೆಟ್ ಎನ್ನುತ್ತಾರೆ. ಕಲ್ಲು, ಗುಡ್ಡ ಎಲ್ಲ ಬಿದ್ದುಹೋಯಿತು.

ಹಣದ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದು ಬೇಗ ಮುಗಿಯುವಂಥದ್ದೇ. ಇಬ್ಬರಿಗೂ ಸೇರಿ ಎಂಟು ಸಾವಿರ ಸಿಕ್ಕರೆ ಒಳ್ಳೆಯ ದಿನ. ಲಕೋಟೆಯನ್ನು ಹತ್ತರಲ್ಲಿ ಎಂಟು ಸಲ ಅವನ ಕೈಗೇ ಕೊಡುತ್ತಾರೆ, ಅವನು ಅಲ್ಲೇ ನನ್ನ ಕೈಗೆ ಕೊಡುತ್ತಾನೆ. ಕೊಟ್ಟವರ ಮುಖ ನೋಡುವುದು ನಮಗೊಂದು ವಿನೋದ. ಒಂದು ಕಡೆ ಟಿಡಿಎಸ್ ಎಂದು ಶೇಕಡಾ 10ರಷ್ಟನ್ನು ಮುರಿದುಕೊಂಡರು. ಆಗ ಅಂಥ ಶುಲ್ಕಕ್ಕೆ ವರ್ಷಕ್ಕೆ 30,000 ರೂಪಾಯಿ ದಾಟುವವರೆಗೆ ಮುರಿಯಬೇಕಾಗಿರಲಿಲ್ಲ. ಮುರಿದದ್ದಾದರೂ ತೆರಿಗೆ ಇಲಾಖೆಯ ಲೆಕ್ಕಪಟ್ಟಿಯಾದ 26ಎಎಸ್‌ನಲ್ಲಿ ಕಾಣಿಸಬೇಕಿತ್ತು. ನಾನು ಎರಡು ವರ್ಷ ಅದನ್ನು ತೆರೆದು ನೋಡಿದ್ದೇನೆ. ಎಂಟುನೂರು ರೂಪಾಯಿ ಇನ್ನೂ ದಾರಿಯಲ್ಲಿದೆ.

ಸುಗ್ಗಿ ಯಾವಾಗ ಎಂದು ಕೇಳುವವರಿಗೆ: ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕಾಲೇಜು ಫೆಸ್ಟ್‌ಗಳು, ಆಮೇಲೆ ಗಣಪತಿ, ಆಮೇಲೆ ರಾಜ್ಯೋತ್ಸವ. ನಮ್ಮಲ್ಲಿ ನವೆಂಬರ್ 1 ಎಂಬುದು ಡಿಸೆಂಬರ್‌ವರೆಗೂ ಮುಂದುವರಿಯುವ ದಿನವಾದ್ದರಿಂದ ಒಂದು ತಿಂಗಳು ಉಸಿರಾಡಲು ಬಿಡುವಿರುವುದಿಲ್ಲ. ಮಳೆಗಾಲದಲ್ಲಿ ಮಂಗಳೂರಿನ ಕಡೆಗೆ ಒಪ್ಪಿಕೊಳ್ಳುವ ಮುನ್ನ ಶಿರಾಡಿ ಘಾಟಿಯ ಸುದ್ದಿ ನೋಡುತ್ತೇವೆ. ಎಲ್ಲಿಗೇ ಹೋದರೂ ಯಾರಾದರೊಬ್ಬರು ಹೆಸರಾದ ಕನ್ನಡ ರ‍್ಯಾಪರ್‌ಗಳಾದ ಚಂದನ್ ಶೆಟ್ಟಿ ಅಥವಾ ಆಲ್ ಓಕೆ ಅವರ ಹಾಡನ್ನು ಹಾಡಿ ಎಂದು ಕೂಗುತ್ತಾರೆ. ಮೊದಲು ಕೋಪ ಬರುತ್ತಿತ್ತು. ಚಂದನ್ ಬಿಗ್ ಬಾಸ್‌ನ ಐದನೆಯ ಆವೃತ್ತಿಯನ್ನು ಗೆದ್ದ ಮೇಲೆ ರ‍್ಯಾಪ್ ಎಂದರೇನೆಂದು ನನ್ನ ದೊಡ್ಡಮ್ಮನಿಗೆ ವಿವರಿಸುವ ಕಷ್ಟ ತಪ್ಪಿತು ಎಂಬುದನ್ನು ನೆನೆದು ಈಗ ಸುಮ್ಮನಿರುತ್ತೇನೆ.

ಆದರೆ ಹಾಡನ್ನು ಕೊನೆಗೆ ತಿದ್ದಿದ್ದು ಗಡಿಯಾರ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಹಬ್ಬಗಳಿಗಾಗಿ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು. ಎಂಟು ಗಂಟೆಗೆ ನಿಗದಿಯಾದ ನಮ್ಮನ್ನು ಸನ್ಮಾನ, ಹಾರ, ಶಾಲು, ಗಣ್ಯರ ‘ಎರಡೇ ಮಾತು’ ಎಲ್ಲ ಮುಗಿದ ಮೇಲೆ 9.40ಕ್ಕೆ ವೇದಿಕೆಗೆ ಕರೆಯುತ್ತಾರೆ, 9.55ಕ್ಕೆ ಪೊಲೀಸರು ಮಿಕ್ಸರ್ ಪಕ್ಕದಲ್ಲಿ ನಿಂತಿರುತ್ತಾರೆ. ಮೊದಲು ಎರಡು ನಿಮಿಷ ಬೀಟ್ ಬಿಟ್ಟು, ಹೊಗೆ ಬಿಡಿಸಿ, ಆಮೇಲೆ ನಿಧಾನವಾಗಿ ಬರುತ್ತಿದ್ದ ನಾವು ಈಗ ಬೀಟೇ ಇಲ್ಲದೆ ಆ ನಾಲ್ಕು ಸಾಲನ್ನು ಬರಿಯ ಬಾಯಲ್ಲಿ ಹೇಳಿ ಆರಂಭಿಸುತ್ತೇವೆ. ಸೌಂಡಿನವರು ನಮ್ಮ ಮೈಕಿನ ಮಟ್ಟ ಹೊಂದಿಸಿಕೊಳ್ಳಲು ಅಷ್ಟು ಹೊತ್ತು ಸಿಗುತ್ತದೆ, ಜನರಿಗೂ ಇವಳು ಏನು ಹೇಳುತ್ತಿದ್ದಾಳೆಂದು ತಿಳಿಯುತ್ತದೆ.

ಕಳೆದ ನವೆಂಬರಿನಲ್ಲಿ ಗದಗದ ಆಚೆಯ ಊರೊಂದಕ್ಕೆ ಎರಡನೆಯ ಸಲ ಹೋಗಿದ್ದೆವು. ಹಿಂದಿನ ಸಲದ ಸೌಂಡ್ ಅಣ್ಣನೇ ಇದ್ದರು. ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿ ತಡೆದರು: ‘ಎಕೋ ತಗದೀನಿ ತಂಗೀ. ಆದ್ರ ನೀ ಮೈಕಿನ ಜಾಳಗಿ ಮುಷ್ಟಿಯಾಗ ಮುಚ್ಚಿ ಹಿಡೀಬ್ಯಾಡ. ಹೋದ ವರ್ಷ ನಿನ್ನ ಮಾತು ತಿಳೀದೆ ಹೋಗಿದ್ದು ಅದಕ್ಕ, ನನ್ನ ಎಕೋಕ್ಕಲ್ಲ.’ ವಿಡಿಯೊಗಳಲ್ಲಿ ನೋಡಿ ಕಲಿತ ಹಿಡಿತವದು. ನೋಡಲು ಗತ್ತಾಗಿರುತ್ತದೆ ಎಂದುಕೊಂಡಿದ್ದೆ. ಅಂಗೈಯನ್ನು ಎರಡು ಇಂಚು ಕೆಳಗೆ ಸರಿಸಿ ‘ಹಳ್ಳ’ ಎಂದೆ. ಬಯಲಿನ ಆ ತುದಿಯ ಮಿರ್ಚಿ ಅಂಗಡಿಯವನು ತಲೆ ಎತ್ತಿ ನೋಡಿದ.