ಬುಲೆಟ್ಟಿನ ಸಣ್ಣ ಕಾಲು

ಮಂಗಳವಾರ ರಾತ್ರಿಯ ಮಳೆಗೆ ಮೂರನೇ ಮಹಡಿ ಹುಡುಗನ ಬುಲೆಟ್ ಮಗುಚಿಕೊಂಡಿತು, ಅದೂ ಪಕ್ಕದ ಕಾರಿನ ಮೇಲೆ. ಬೆಳಗ್ಗೆ ಶುರುವಾಯಿತು ಕೂಗಾಟ. "ಯಾರೋ ಬೇಕಂತಲೇ ತಳ್ಳಿದ್ದಾರೆ, ನೀವು ನಿದ್ದೆ ಹೊಡೀತಿದ್ರಿ!"

ಬೈಸಿಕೊಂಡವರು ನಮ್ಮ ವಾಚ್‌ಮನ್, ರಾಯಚೂರು ಕಡೆಯ ಹಿರಿಯರು. ಅವರದು ಒಂದೇ ಮಾತು: "ಯಾರೂ ಮುಟ್ಟಿಲ್ರೀ ಸರ. ಅದರ ಕಾಲು ಸಣ್ಣದೈತಿ, ನೆಲ ಮೆತ್ತಗೈತಿ."

ಹುಡುಗ ನಂಬಲಿಲ್ಲ, ಸಿಸಿಟಿವಿ ವಿಡಿಯೋ ಹಾಕಿಸಿದ. ನಾವೂ ಸುತ್ತ ನಿಂತೆವು. ವಾಚ್‌ಮನ್ ಛತ್ರಿ ಹಿಡಿದು ಅದೇ ಮಣ್ಣಿನ ಮೇಲೆ ನಡೆದು ಹೋಗುತ್ತಾರೆ. ಆಮೇಲೆ ನರಪಿಳ್ಳೆಯಿಲ್ಲ. ಬುಲೆಟ್ ಮಾತ್ರ ನಿಧಾನಕ್ಕೆ ಎಡಕ್ಕೆ ವಾಲುತ್ತದೆ, ಇನ್ನೂ ವಾಲುತ್ತದೆ, ಬೀಳುತ್ತದೆ. ಹಿಂದಕ್ಕೆ ಓಡಿಸಿ ಮತ್ತೆ ನೋಡಿದ. ಮತ್ತೆ. ತಳ್ಳಿದವನು ಸಿಗಲೇ ಇಲ್ಲ.

ಪೈಪ್ ಹಾಕೋಕೆ ಅಗೆದವರು ದಮ್ಮಸ್ಸು ಮಾಡದೆ ಸುಮ್ನೆ ಮಣ್ಣು ಎಳೆದು ಹೋಗಿದ್ದರು. ಅಲ್ಲಿ ವಾಚ್‌ಮನ್ನರ ಹವಾಯಿ ಚಪ್ಪಲಿಯ ಗುರುತು ಮೇಲೆ ಮೇಲಷ್ಟೇ ಮೂಡಿತ್ತು. ಸೈಡ್ ಸ್ಟ್ಯಾಂಡ್ ಊರಿದ ಕಡೆ ಬೆರಳುದ್ದದ ಗುಂಡಿ. ಬುಲೆಟ್ ಭಾರದ ಬಹುಪಾಲು ಚಕ್ರಗಳ ಮೇಲಿರುತ್ತೆ, ಸ್ಟ್ಯಾಂಡಿಗೆ 30 ಕೆಜಿ ಬರುತ್ತೆ ಅಂದುಕೊಳ್ಳಿ. ಅದರ ಪಾದ 10 ಚದರ ಸೆಂಟಿಮೀಟರ್ ಆದರೆ, ಒಂದೊಂದು ಚದರ ಸೆಂಟಿಮೀಟರಿಗೆ 3 ಕೆಜಿ. 60 ಕೆಜಿ ಮನುಷ್ಯ 200 ಚದರ ಸೆಂಟಿಮೀಟರಿನ ಚಪ್ಪಲಿಯಲ್ಲಿ ಒಂಟಿಕಾಲಲ್ಲಿ ನಿಂತರೂ 0.3 ಕೆಜಿಯಷ್ಟೇ. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ. ಹುಡುಗ ಎಂಜಿನಿಯರ್, ಇದನ್ನೇ ಬರೆದು ಮಾರ್ಕ್ಸ್ ತಗೊಂಡಿರ್ತಾನೆ ಅಲ್ವಾ?

ವಾಚ್‌ಮನ್ ವಾದಕ್ಕೆ ಇಳಿಯಲಿಲ್ಲ. ಒಡೆದ ಕಡಪ ಕಲ್ಲಿನ ತುಂಡೊಂದನ್ನು ತಂದು ಸ್ಟ್ಯಾಂಡ್ ಕೆಳಗೆ ಇಟ್ಟರು. ಎರಡು ಅಂಗೈ ಅಗಲ ಇರಬಹುದು. ಇದೆಲ್ಲ ಎಲ್ಲಿ ಕಲಿತಿರಿ ಅಂದೆ.

"ಎರಿ ಹೊಲದಾಗ್ರೀ. ಮಳಿ ಬಂದ್ರ ಬಂಡಿ ಗಾಲಿ ಹೂತ್ ಬಿಡತಾವು. ಅದಕ್ಕ ಟ್ರ್ಯಾಕ್ಟರಿಗೆ ಅಷ್ಟಗಲ ಗಾಲಿ."

ಏನಾದರೂ ಕೆಟ್ಟರೆ ಬೈಯೋಕೆ ನಮಗೊಬ್ಬ ಮನುಷ್ಯ ಬೇಕು. ಮಣ್ಣಿಗೆ ಬೈದರೆ ಸಿಟ್ಟು ಇಳಿಯಲ್ಲ. ಅಗೆದವರು ಕೈಗೆ ಸಿಗಲ್ಲ. ಗೇಟಲ್ಲಿ ಕೂತವರು ಸಿಗುತ್ತಾರೆ. ಅಷ್ಟು ಸಲ ವಿಡಿಯೋ ನೋಡಿದ ಹುಡುಗ ಅವರಿಗೆ ಒಂದು 'ಸಾರಿ' ಕೂಡ ಹೇಳಲಿಲ್ಲ.

ಭಾನುವಾರದ ಮೀಟಿಂಗಲ್ಲಿ ಪಾರ್ಕಿಂಗಿಗೆ ಇನ್ನೊಂದು ಕ್ಯಾಮೆರಾ ಹಾಕಿಸುವ ಮಾತಿದೆಯಂತೆ. ಮಣ್ಣಿಗೆ ದಮ್ಮಸ್ಸು ಹೊಡೆಸೋಣ, ಕಡಪ ಕಲ್ಲು ತರಿಸೋಣ ಅಂತ ಯಾರೂ ಅಂದಿಲ್ಲ. ನಾನು ಕೇಳುವವನಿದ್ದೇನೆ.